ಅಂಗಡಿ ವೆಬ್‌ಸೈಟಿಗೆ ಬ್ಲಾಗ್ ಬೇಕಾ? ದುಡ್ಡು ಕೊಡುವ ಮೊದಲು ಹೀಗೆ ನೋಡಿ

ವೆಬ್‌ಸೈಟ್ ಮಾಡಿಕೊಡುವವರ ಕೊಟೇಶನ್‌ನಲ್ಲಿ ಬ್ಲಾಗ್‌ಗೆ, ಅಂದರೆ ಸೈಟಿನಲ್ಲಿ ಆಗಾಗ ಹಾಕುವ ಲೇಖನಗಳಿಗೆ ಅಂತ ಒಂದು ಸಾಲು ಸಾಮಾನ್ಯವಾಗಿ ಇರುತ್ತದೆ. ತಿಂಗಳಿಗೆ ಇಷ್ಟು ಲೇಖನ, ಇಷ್ಟು ರೂಪಾಯಿ. ಬೇಡ ಅಂದರೆ ‘ಗೂಗಲ್‌ನಲ್ಲಿ ನಿಮ್ಮ ಅಂಗಡಿ ಕಾಣಿಸೋದೇ ಇಲ್ಲ ಸಾರ್’ ಎಂದು ಹೆದರಿಸುವವರೂ ಇದ್ದಾರೆ. ಹಾಗೇನಿಲ್ಲ. ಬ್ಲಾಗ್ ಇಲ್ಲದ ಸೈಟುಗಳೂ ಗೂಗಲ್‌ನಲ್ಲಿ ಬರುತ್ತವೆ. ಕೆಲವು ವ್ಯಾಪಾರಗಳಿಗೆ ಬ್ಲಾಗ್‌ನಿಂದ ನಿಜಕ್ಕೂ ಲಾಭವಿದೆ, ಬಹಳಷ್ಟಕ್ಕೆ ಇಲ್ಲ. ನಿಮ್ಮದು ಯಾವ ಗುಂಪು ಎಂದು ನೀವೇ ಗೊತ್ತುಮಾಡಿಕೊಳ್ಳಬಹುದು.

ಲೆಕ್ಕಕ್ಕೆ ಚಿಕ್ಕಮಗಳೂರಿನ ಒಂದು ಕಾಫಿಪುಡಿ ಅಂಗಡಿ ಇಟ್ಟುಕೊಳ್ಳೋಣ. ಬೀಜ ಹುರಿದು, ಪುಡಿ ಮಾಡಿ ಊರಲ್ಲೂ ಮಾರುತ್ತಾರೆ, ಬೆಂಗಳೂರು, ಮುಂಬೈಗೆ ಕೊರಿಯರ್ ಕೂಡ ಮಾಡುತ್ತಾರೆ.

ಗಿರಾಕಿ ಎಲ್ಲಿಂದ ಬರುತ್ತಾರೆ?

ಮೊದಲು ಇದನ್ನು ನೋಡಿ. ಬರುವವರೆಲ್ಲ ಸುತ್ತಮುತ್ತಲಿನವರೇ ಆದರೆ ಬ್ಲಾಗ್ ಮಾತು ಇಲ್ಲಿಗೇ ಬಿಡಿ. ಪಂಕ್ಚರ್ ಅಂಗಡಿ, ಜೆರಾಕ್ಸ್ ಅಂಗಡಿ, ದರ್ಶಿನಿಗೆ ಬೇಕಾದದ್ದು ಗೂಗಲ್ ಮ್ಯಾಪ್‌ನಲ್ಲಿ ಸರಿಯಾದ ಜಾಗ, ಫೋನ್ ನಂಬರ್, ತೆರೆಯುವ ಹೊತ್ತು, ನಾಲ್ಕು ಒಳ್ಳೆ ಫೋಟೊ. ಅದು ಪುಕ್ಕಟೆ. ಇಡ್ಲಿ ತಿನ್ನುವ ಮೊದಲು ಇಡ್ಲಿಯ ಬಗ್ಗೆ ಪ್ರಬಂಧ ಓದುವವರು ಯಾರಿದ್ದಾರೆ ಹೇಳಿ. ನಮ್ಮ ಕಾಫಿಪುಡಿಯವರ ಕಥೆ ಬೇರೆ. ಮುಂಬೈಯವರು ಅಂಗಡಿಗೆ ಬಂದು ಮೂಸಿ ನೋಡಲಾರರು. ಅವರಿಗೆ ಮಾತಿನಲ್ಲೇ ಹೇಳಬೇಕು.

ಅವರು ಏನು ಕೇಳುತ್ತಾರೆ?

ಇದು ಮುಖ್ಯವಾದ ಹೆಜ್ಜೆ. ವಾಟ್ಸ್‌ಆ್ಯಪ್ ತೆಗೆದು, ಕೊಳ್ಳುವ ಮೊದಲು ಜನ ಕೇಳಿದ ಪ್ರಶ್ನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಫೋನ್‌ನಲ್ಲಿ ಕೇಳಿದ್ದನ್ನೂ ಸೇರಿಸಿ. ‘ಕೊರಿಯರ್ ಚಾರ್ಜ್ ಎಷ್ಟು’, ‘ಕಾಲು ಕೆಜಿ ಕೊಡ್ತೀರಾ’ ಎನ್ನುವವಕ್ಕೆ ಒಂದು ಸಾಲಿನ ಉತ್ತರ ಸಾಕು. ಅವನ್ನು ಪುಡಿಯ ಬೆಲೆ ಇರುವ ಪುಟದಲ್ಲೇ ಹಾಕಿ. ಕೂರಿಸಿಕೊಂಡು ವಿವರಿಸಬೇಕಾದ ಪ್ರಶ್ನೆ ಎಷ್ಟು ಉಳಿದವು ನೋಡಿ. ಬ್ಲಾಗ್‌ಗೆ ಸರಕು ಅವೇ.

ಕಾಫಿಯಲ್ಲಿ ಅಂಥವು ಬೇಕಾದಷ್ಟಿವೆ. ಚಿಕೋರಿ ಎಷ್ಟು ಹಾಕಿಸಬೇಕು? ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51% ಇರಲೇಬೇಕು, ಪೊಟ್ಟಣದ ಮೇಲೆ ಎರಡರ ಪ್ರಮಾಣವನ್ನೂ ಅಚ್ಚು ಹಾಕಬೇಕು ಎಂಬುದು ಕಾನೂನು. ಅಷ್ಟನ್ನು ಯಾರು ಬೇಕಾದರೂ ಬರೆಯಬಹುದು. ಆದರೆ ಗಟ್ಟಿ ಹಾಲು ಹಾಕಿ ಕುಡಿಯುವವರಿಗೆ ಎಷ್ಟು ಹಾಕಿ ಕೊಡುತ್ತೀರಿ, ಬರೀ ಡಿಕಾಕ್ಷನ್ ಕುಡಿಯುವವರಿಗೆ ಯಾಕೆ ಚಿಕೋರಿ ಬೇಡ ಅನ್ನುತ್ತೀರಿ ಎಂಬುದು ಗಲ್ಲಾದಲ್ಲಿ ಕೂತ ನಿಮಗೆ ಗೊತ್ತು. ಪೀಬೆರಿಗೆ ಯಾಕೆ ರೇಟು ಜಾಸ್ತಿ ಎಂಬುದೂ ಹಾಗೇ. ಕಾಫಿ ಹಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಬೀಜ, ಒಂದೊಂದಕ್ಕೂ ಒಂದು ಕಡೆ ಚಪ್ಪಟೆ. ಕೆಲವು ಹಣ್ಣಿನಲ್ಲಿ ಮಾತ್ರ ಒಂದೇ ಬೀಜ ಕಟ್ಟಿ ದುಂಡಗಾಗುತ್ತದೆ. ಅದು ಕಡಿಮೆ ಸಿಗುತ್ತದೆ, ಬೇರೆ ಮಾಡಬೇಕು, ಅದಕ್ಕೇ ಬೆಲೆ. ಎರಡೂ ಬಗೆಯ ಬೀಜವನ್ನು ಅಂಗೈ ಮೇಲಿಟ್ಟು ಫೋಟೊ ತೆಗೆದರೆ ಅರ್ಧ ಲೇಖನ ಮುಗಿಯಿತು. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎಂಬ ಎರಡು ಕಾಫಿಗಳಿಗೂ ಬೇರೆಬೇರೆ ಜಿಐ (ಆಯಾ ಊರಿನದೇ ಎಂಬ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಎರಡಕ್ಕೂ ಏನು ವ್ಯತ್ಯಾಸ ಎಂದು ದೂರದವರು ಕೇಳಿಯೇ ಕೇಳುತ್ತಾರೆ.

ಹಾಳೆಯಲ್ಲಿ ಇಂಥ ಪ್ರಶ್ನೆ ಎರಡೋ ಮೂರೋ ಇದ್ದರೆ ಬ್ಲಾಗ್ ಬೇಡ. ಅಷ್ಟಕ್ಕೆ ಪ್ರಶ್ನೋತ್ತರದ ಒಂದು ಪುಟ ಧಾರಾಳವಾಯಿತು.

ಬರೆಯುವವರು ಯಾರು?

ವೆಬ್‌ಸೈಟ್ ಮಾಡುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್ ಹುಟ್ಟಿದ್ದೇ ಬ್ಲಾಗ್ ಬರೆಯಲಿಕ್ಕೆ, 2003ರಲ್ಲಿ. ನಿಮ್ಮ ಸೈಟ್ ಅದರಲ್ಲಿದ್ದರೆ ಬ್ಲಾಗ್ ಸೌಕರ್ಯ ಜೊತೆಗೇ ಬಂದಿರುತ್ತದೆ. ಅಂದರೆ ಕೊಟೇಶನ್‌ನಲ್ಲಿರುವ ದುಡ್ಡು ಬ್ಲಾಗ್‌ಗಲ್ಲ, ಬರೆಯುವವರಿಗೆ. ಆ ಬರೆಯುವವರು ನಿಮ್ಮ ಅಂಗಡಿ ಮೆಟ್ಟಿಲನ್ನೇ ಹತ್ತಿಲ್ಲದಿದ್ದರೆ ‘ಕಾಫಿ ಕುಡಿಯುವುದರ ಹತ್ತು ಲಾಭಗಳು’ ಎಂಬಂಥದ್ದೇ ಬರುವುದು. ನನ್ನ ಮಟ್ಟಿಗೆ ಅದು ದಂಡ.

ಗೂಗಲ್ ಕೂಡ ಈಗ ಇದರಲ್ಲಿ ಬಿಗಿಯಾಗಿದೆ. ಪುಟಗಳ ಗುಣಮಟ್ಟ ಅಳೆಯುವವರಿಗೆ ಕೊಡುವ ಸೂಚನೆಗಳಲ್ಲಿ 2022ರ ಡಿಸೆಂಬರ್‌ನಲ್ಲಿ ‘ಬರೆದವರ ಸ್ವಂತ ಅನುಭವ’ ಎಂಬುದನ್ನು ಸೇರಿಸಿತು. ಹುಡುಕಾಟದಲ್ಲಿ ಮೇಲೆ ಬರಲೆಂದೇ ರಾಶಿ ರಾಶಿ ತಯಾರಿಸಿದ ಪುಟಗಳು, ಮನುಷ್ಯರೇ ಬರೆದಿರಲಿ, ಎಐ ಬರೆದಿರಲಿ, ಸ್ಪ್ಯಾಮ್ ಎಂದು 2024ರ ಮಾರ್ಚ್‌ನಲ್ಲಿ ಹೇಳಿತು. ಸಾಲದ್ದಕ್ಕೆ, ಈಗ ಎಷ್ಟೋ ಸಾಮಾನ್ಯ ಪ್ರಶ್ನೆಗಳಿಗೆ ಎಐ ಬರೆದ ಉತ್ತರ ಮೇಲೇ ಕಾಣುತ್ತದೆ. ‘ಅರೇಬಿಕಾ ಎಂದರೇನು’ ಎಂದು ಹುಡುಕಿದವರು ನಿಮ್ಮ ಸೈಟಿನವರೆಗೆ ಇಳಿದು ಬರುವುದು ಅಪರೂಪ.

ಹಾಗಾಗಿ ಮನೆಯಲ್ಲೋ ಅಂಗಡಿಯಲ್ಲೋ ಬರೆಯುವವರು ಇದ್ದಾರಾ ನೋಡಿ. ಬರೆಯಲು ಬೇಜಾರಾದರೆ ಮಾತಾಡಿ. ಫೋನ್ ಕೀಬೋರ್ಡಿನ ಮೈಕ್ ಒತ್ತಿದರೆ ಕನ್ನಡ ತಾನೇ ಟೈಪ್ ಆಗುತ್ತದೆ, ತಪ್ಪು ತಿದ್ದಿಕೊಂಡರಾಯಿತು. ಗಿರಾಕಿಗಳು ಪ್ರಶ್ನೆ ಕೇಳುವ ಭಾಷೆಯಲ್ಲೇ ಬರೆಯಿರಿ. ಯಾರೂ ಇಲ್ಲ, ಪುರುಸೊತ್ತೂ ಇಲ್ಲ ಅಂದರೆ ಬೇಡ ಅನ್ನಲು ಸಂಕೋಚ ಬೇಡ.

ಮೂರು ಪುಟ ಹಾಕಿ ನೋಡಿ

ಬ್ಲಾಗ್ ಎಂಬ ಬೋರ್ಡು ಈಗಲೇ ಹಾಕಬೇಡಿ. ಹಾಳೆಯಲ್ಲಿ ಮೇಲಿರುವ ಮೂರು ಪ್ರಶ್ನೆಗಳಿಗೆ ಮಾಮೂಲಿ ಪುಟಗಳಂತೆ ಉತ್ತರ ಬರೆದು, ಪುಡಿ ಮಾರುವ ಪುಟದಿಂದ ಲಿಂಕ್ ಕೊಡಿ. ದಿನಾಂಕ ಕಾಣುವುದು ಬೇಡ. ಕೊನೆಯ ಬರಹ 2021ರ ದೀಪಾವಳಿಯದ್ದಾದರೆ ಅಂಗಡಿ ಮುಚ್ಚಿದೆಯೇನೋ ಅನ್ನಿಸುತ್ತದೆ, ಅಲ್ವಾ? ಆಮೇಲೆ ಗೂಗಲ್‌ನ ಸರ್ಚ್ ಕನ್ಸೋಲ್‌ಗೆ ಸೈಟ್ ಸೇರಿಸಿ. ಅದೂ ಪುಕ್ಕಟೆ. ಯಾವ ಪದ ಹುಡುಕಿದಾಗ ನಿಮ್ಮ ಯಾವ ಪುಟ ಕಾಣಿಸಿತು, ಎಷ್ಟು ಜನ ಒತ್ತಿದರು ಎಂದು 16 ತಿಂಗಳವರೆಗಿನ ಲೆಕ್ಕ ಅದರಲ್ಲಿ ಸಿಗುತ್ತದೆ. ಒಂದು ವಾರದಲ್ಲಿ ಏನೂ ಗೊತ್ತಾಗದು, ಕೆಲವು ತಿಂಗಳು ಬಿಡಬೇಕು.

ಗೂಗಲ್ ಕೈಕೊಟ್ಟರೂ ಒಂದು ಲಾಭ ಖಾತ್ರಿ. ಮತ್ತೆ ಯಾರಾದರೂ ಚಿಕೋರಿ ಬಗ್ಗೆ ಕೇಳಿದಾಗ ಅದೇ ಉದ್ದದ ಉತ್ತರ ಟೈಪ್ ಮಾಡುವ ಬದಲು ಲಿಂಕ್ ಕಳಿಸಿ. ಓದಿದವರು ಆರ್ಡರ್ ಕೊಡುತ್ತಿದ್ದರೆ, ಹೊಸ ಪ್ರಶ್ನೆ ಬರುತ್ತಲೇ ಇದ್ದರೆ, ನಾಲ್ಕನೆಯ ಪುಟ ಬರೆಯಿರಿ. ಹೀಗೆ ಏಳೆಂಟು ಸೇರಿದ ಮೇಲೆ ಅವುಗಳಿಗೆ ಬೇರೆ ವಿಭಾಗ ಮಾಡಿದರಾಯಿತು.

ಒಂದೆರಡು ಎಚ್ಚರಿಕೆ. ಕಾಫಿ ಕುಡಿದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂದೆಲ್ಲ ಬರೆಯಬೇಡಿ. ಆಹಾರ ಪದಾರ್ಥದ ಜಾಹೀರಾತಿನಲ್ಲಿ ಏನು ಹೇಳಿಕೊಳ್ಳಬಹುದು ಎಂಬುದಕ್ಕೆ 2018ರ ನಿಯಮಗಳಿವೆ. ಇಂಟರ್‌ನೆಟ್‌ನಲ್ಲಿ ಕಂಡ ತೋಟದ ಫೋಟೊ ಎತ್ತಿ ಹಾಕುವುದೂ ಬೇಡ, ನಿಮ್ಮದೇ ಹುರಿಯುವ ಡ್ರಮ್ ಅದಕ್ಕಿಂತ ಚೆಂದ.

ಇನ್ನು ಕೊಟೇಶನ್ ತಂದವರಿಗೆ ಹೇಳಬೇಕಾದದ್ದು ಇಷ್ಟು: ಬ್ಲಾಗ್ ಸಾಲು ಸದ್ಯಕ್ಕೆ ತೆಗೆಯಿರಿ, ಡೊಮೇನ್ (ಸೈಟಿನ ವಿಳಾಸ) ನನ್ನ ಹೆಸರಲ್ಲೇ ಇರಲಿ, ಹೊಸ ಪುಟ ಹಾಕುವುದನ್ನು ಒಂದು ಗಂಟೆ ಕೂತು ನನಗೆ ಹೇಳಿಕೊಡಿ.