ಮೊನ್ನೆ ಬಂದವನಿಗೆ ಎಷ್ಟು ನಿಮಿಷ?

ದಕ್ಷಿಣ ಲಂಡನ್ನಿನ ಕ್ರಾಯ್ಡನ್‌ನಲ್ಲಿ ಮಕ್ಕಳ ಫುಟ್‌ಬಾಲ್ ತಂಡವೊಂದನ್ನು ನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಕೆಲಸ. ತಂಡಕ್ಕೆ ಬುಧವಾರ ಸಂಜೆ ಅಭ್ಯಾಸ, ಭಾನುವಾರ ಬೆಳಗ್ಗೆ ಪಂದ್ಯ, ಸಂಬಳ ಇಲ್ಲ. ಮಗನನ್ನು ಸೇರಿಸಲು ಹೋದಾಗ ಕೋಚ್ ಸಿಗ್ತಿಲ್ಲ ಅಂದರು. ನಾನೇ ಆಗುತ್ತೇನೆ ಅಂದೆ, ಕೋರ್ಸ್ ಮುಗಿಸಿ ಸೀಟಿ ಹಿಡಿದು ನಿಂತೆ.

ವಿದೇಶಿಯರು ಬಂದು ಇಂಗ್ಲೆಂಡಿನ ಹುಡುಗರ ಜಾಗ ಕಿತ್ತುಕೊಂಡರು ಅನ್ನುವ ಮಾತು ಇಲ್ಲಿ ಯಾವ ಪಬ್‌ಗೆ ಹೋದರೂ ಕಿವಿಗೆ ಬೀಳುತ್ತದೆ. ಅದು ಟಿವಿಯಲ್ಲಿ ಬರುವ ದೊಡ್ಡ ಕ್ಲಬ್‌ಗಳ ಜಗಳ ಅಂತ ನಾನು ಸುಮ್ಮನಿದ್ದೆ. ಆಮೇಲೆ ಅದು ಹತ್ತು ವರ್ಷದೊಳಗಿನವರ ನನ್ನ ತಂಡಕ್ಕೇ ಬಂತು.

ಆಗ ನಮ್ಮಲ್ಲಿ ಒಂಬತ್ತು ಹುಡುಗರಿದ್ದರು. ಒಂದು ಸೆಪ್ಟೆಂಬರ್ ಸಂಜೆ ಪೋರ್ಚುಗಲ್‌ನಿಂದ ಬಂದ ಒಬ್ಬ ಹುಡುಗನನ್ನು ಅವನ ಅಮ್ಮ ಕರೆದುಕೊಂಡು ಬಂದರು. ಅವನಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಚೆಂಡು ಅವನ ಹತ್ತಿರ ಬರುವ ಮೊದಲೇ ಎರಡು ಸಲ ಹೆಗಲ ಮೇಲಿಂದ ಹಿಂದೆ ತಿರುಗಿ ನೋಡುತ್ತಿದ್ದ. ಯಾರು ಎಲ್ಲಿದ್ದಾರೆ ಅಂತ ಮೊದಲೇ ಗೊತ್ತಿರುತ್ತಿದ್ದರಿಂದ ಚೆಂಡು ಕಾಲಿಗೆ ತಾಗಿದ ಕೂಡಲೇ ಬೇಕಾದ ಕಡೆ ತಿರುಗಿಬಿಡುತ್ತಿದ್ದ. ಉಳಿದ ಒಂಬತ್ತು ಜನ ಚೆಂಡು ಬಂದ ಮೇಲೆ ತಲೆ ಎತ್ತುವವರು. ನಾನು ಎರಡು ವರ್ಷ ಕೂಗಿ ಕೂಗಿ ಹೇಳಿದರೂ ಬರದೇ ಇದ್ದ ಅಭ್ಯಾಸ ಅದು.

ಮೊದಲ ಮೂರು ವಾರ ನಾನು ತಪ್ಪು ಮಾಡಿದೆ. ಗೆಲ್ಲಬೇಕು ಅನ್ನುವ ಆಸೆಗೆ ಅವನನ್ನು ಪೂರ್ತಿ 50 ನಿಮಿಷ ಆಡಿಸಿದೆ, ಬೇರೆ ಮೂರು ಹುಡುಗರು ಹೆಚ್ಚು ಹೊತ್ತು ಗೆರೆಯ ಆಚೆ ಕೋಟು ಹೊದ್ದು ನಿಂತರು. ಮೂರೂ ಪಂದ್ಯ ಗೆದ್ದೆವು. ಮೂರನೇ ಭಾನುವಾರ ಆ ಮೂವರಲ್ಲಿ ಒಬ್ಬನ ಅಜ್ಜ ನನ್ನ ಹತ್ತಿರ ಬಂದರು. ಇಲ್ಲೇ ಹುಟ್ಟಿ ಬೆಳೆದವರು, ನಮ್ಮ ಕಡೆಯ ಕ್ಲಬ್ ಕ್ರಿಸ್ಟಲ್ ಪ್ಯಾಲೇಸ್ ಅಂದರೆ ಪ್ರಾಣ.

"ಕೋಚ್, ನನ್ನ ಮೊಮ್ಮಗ ಎರಡು ವರ್ಷದಿಂದ ಬರ್ತಿದ್ದಾನೆ. ಆ ಹುಡುಗ ಬಂದು ಮೂರು ವಾರ ಆಯ್ತು, ಅಷ್ಟೇ."

ಕೋಪದಿಂದ ಹೇಳಿದ ಮಾತಲ್ಲ, ಬೇಸರದ್ದು. 2005ರ ಫೆಬ್ರವರಿ 14ರಂದು ಆರ್ಸೆನಲ್ ಕ್ಲಬ್ಬಿನ ಆಗಿನ ಮೈದಾನ ಹೈಬರಿಯಲ್ಲಿ ತಾವು ನೋಡಿದ ಪಂದ್ಯದ ಕತೆಯನ್ನೂ ಹೇಳಿದರು. ಅವತ್ತು ಆರ್ಸೆನಲ್ ಪಟ್ಟಿಯಲ್ಲಿದ್ದ 16 ಜನರಲ್ಲಿ ಒಬ್ಬನೂ ಬ್ರಿಟನ್ನಿನವನಲ್ಲ, ಪ್ಯಾಲೇಸ್‌ಗೆ 5-1ರ ಸೋಲು. ಅದಕ್ಕೂ ಮೊದಲು, 1999ರ ಡಿಸೆಂಬರ್ 26ರಂದು, ಚೆಲ್ಸಿ ಬರೀ ವಿದೇಶಿಯರ ಹನ್ನೊಂದು ಜನರನ್ನು ಇಳಿಸಿ ಸೌತಾಂಪ್ಟನ್ ತಂಡವನ್ನು ಸೋಲಿಸಿತ್ತು. 1992ರಲ್ಲಿ ಇಂಗ್ಲೆಂಡಿನ ಅತಿ ದೊಡ್ಡ ಲೀಗ್ ಆದ ಪ್ರೀಮಿಯರ್ ಲೀಗ್ ಶುರುವಾದ ವಾರ 22 ಕ್ಲಬ್‌ಗಳ ಮೊದಲ ಹನ್ನೊಂದರಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ಹೊರಗಿನವರು ಬರೀ 13 ಜನ ಇದ್ದರು. 1995ರಲ್ಲಿ ಯುರೋಪಿನ ನ್ಯಾಯಾಲಯ ಕೊಟ್ಟ ಬಾಸ್ಮನ್ ತೀರ್ಪು ಯುರೋಪಿಯನ್ ಒಕ್ಕೂಟದ ಆಟಗಾರರ ಮೇಲಿದ್ದ ಮಿತಿಯನ್ನು ತೆಗೆದ ಮೇಲೆ ಎಲ್ಲ ಬೇಗ ಬದಲಾಯಿತು. ಆ ಅಜ್ಜ ಇದನ್ನೆಲ್ಲ ಕಣ್ಣಾರೆ ಕಂಡವರು. ಅವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸು ಬರಲಿಲ್ಲ.

ಅವತ್ತು ರಾತ್ರಿ ಲೀಗಿನ ಹೋಮ್‌ಗ್ರೋನ್ ನಿಯಮವನ್ನು ಮೊದಲ ಸಲ ಸರಿಯಾಗಿ ಓದಿದೆ. 2010-11ರಿಂದ ಜಾರಿಯಲ್ಲಿರುವ ನಿಯಮ ಅದು. 25 ಜನರ ಪಟ್ಟಿಯಲ್ಲಿ ಹೋಮ್‌ಗ್ರೋನ್ ಅಲ್ಲದವರು 17ಕ್ಕಿಂತ ಜಾಸ್ತಿ ಇರುವಂತಿಲ್ಲ, 21ರೊಳಗಿನವರನ್ನು ಪಟ್ಟಿಗೆ ಸೇರಿಸುವುದೇ ಬೇಕಿಲ್ಲ. ಆದರೆ ಹೋಮ್‌ಗ್ರೋನ್ ಅಂದರೆ ಇಂಗ್ಲೆಂಡಿನಲ್ಲಿ ಹುಟ್ಟಿದವನು ಅಂತ ಅರ್ಥವಲ್ಲ. 21 ತುಂಬುವ ಮೊದಲು ಮೂರು ಸೀಸನ್ ಇಂಗ್ಲೆಂಡ್ ಅಥವಾ ವೇಲ್ಸ್‌ನ ಕ್ಲಬ್ಬಿನಲ್ಲಿ ಇದ್ದವನು ಅಂತ. ಹಾಗಾಗಿ 16ನೇ ವಯಸ್ಸಿಗೆ ಬಾರ್ಸಿಲೋನಾದಿಂದ ಆರ್ಸೆನಲ್‌ಗೆ ಬಂದ ಸ್ಪೇನಿನ ಫಾಬ್ರೆಗಾಸ್ ಹೋಮ್‌ಗ್ರೋನ್. ಇಂಗ್ಲೆಂಡಿಗೇ ಆಡಿದ ಎರಿಕ್ ಡೈಯರ್ ಹೋಮ್‌ಗ್ರೋನ್ ಅಲ್ಲ, ಅವನು ಆಟ ಕಲಿತದ್ದು ಲಿಸ್ಬನ್‌ನಲ್ಲಿ.

ಇದನ್ನು ಓದಿ ನಾನು ಸ್ವಲ್ಪ ಹೊತ್ತು ಹಾಗೇ ಕೂತೆ. ಪಾಸ್‌ಪೋರ್ಟ್ ಯಾವುದು ಅಂತ ಈ ನಿಯಮ ಕೇಳುವುದೇ ಇಲ್ಲ, ಎಲ್ಲಿ ಕಲಿತೆ ಅಂತ ಕೇಳುತ್ತದೆ. ಹಾಗೆ ನೋಡಿದರೆ ನನ್ನ ತಂಡಕ್ಕೆ ಬಂದ ಆ ಹುಡುಗ, ಅಜ್ಜನ ಮೊಮ್ಮಗ, ನನ್ನ ಮಗ ಎಲ್ಲರೂ ಒಂದೇ ಸಾಲಿನವರು. ಐವರಿ ಕೋಸ್ಟ್‌ನಲ್ಲಿ ಹುಟ್ಟಿದ ಆಟಗಾರ ಝಾಹಾ ನಾಲ್ಕನೇ ವಯಸ್ಸಿಗೆ ನಮ್ಮ ಪಕ್ಕದ ಥಾರ್ನ್‌ಟನ್ ಹೀತ್‌ಗೆ ಬಂದು ಪ್ಯಾಲೇಸ್‌ನಲ್ಲೇ ಬೆಳೆದವನು. ಅವನನ್ನು ಹೊರಗಿನವನು ಅಂತ ಆ ಅಜ್ಜನ ಮುಂದೆ ಯಾರಾದರೂ ಅನ್ನಲಿ ನೋಡೋಣ!

ಇನ್ನು ಹೊರಗಿನವರಿಗೆ ಬಾಗಿಲು ಪೂರ್ತಿ ತೆರೆದಿತ್ತು ಅನ್ನುವುದೂ ನಿಜವಲ್ಲ. ನಮ್ಮ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿಗೆ 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಸೇರುವ ಅವಕಾಶ ಬಂದಿತ್ತು. ಭಾರತ ಫಿಫಾ ಪಟ್ಟಿಯ ಮೊದಲ 70ರಲ್ಲಿ ಇಲ್ಲ ಅಂತ ವರ್ಕ್ ಪರ್ಮಿಟ್ ಸಿಗಲಿಲ್ಲ. 2021ರಿಂದ, ಬ್ರೆಕ್ಸಿಟ್ ಆದ ಮೇಲೆ, ಇಲ್ಲಿನ ಕ್ಲಬ್‌ಗಳು 18 ತುಂಬದವರನ್ನು ಹೊರದೇಶದಿಂದ ತರುವಂತಿಲ್ಲ. ಫಾಬ್ರೆಗಾಸ್ ಬಂದ ದಾರಿ ಈಗ ಮುಚ್ಚಿದೆ.

ಸರಿ, ನಿಯಮ ಓದಿದ್ದಾಯಿತು. ಭಾನುವಾರ ಏನು ಮಾಡುವುದು? ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದೆ. ಈ ವಯಸ್ಸಿನಲ್ಲಿ ಏಳು ಜನರ ಆಟ, 50 ನಿಮಿಷ. ಅದನ್ನು ಹನ್ನೆರಡೂವರೆ ನಿಮಿಷದ ನಾಲ್ಕು ಪಾಳಿ ಮಾಡಿದರೆ ಒಟ್ಟು 28 ಜಾಗ. ಹತ್ತು ಹುಡುಗರಲ್ಲಿ ಎಂಟು ಜನಕ್ಕೆ ಮೂರು ಪಾಳಿ, ಇಬ್ಬರಿಗೆ ಎರಡು. ಆ ಇಬ್ಬರು ಪ್ರತಿ ವಾರ ಬೇರೆ ಬೇರೆ, ಐದು ವಾರಕ್ಕೆ ಒಂದು ಸುತ್ತು. ಒಂಬತ್ತು ಜನ ಇದ್ದಾಗ ತಲಾ 39 ನಿಮಿಷ ಸಿಗುತ್ತಿತ್ತು, ಹತ್ತಾದರೆ 35. ಅಂದರೆ ಹೊಸ ಹುಡುಗ ಬಂದದ್ದರಿಂದ ಒಬ್ಬೊಬ್ಬನಿಗೆ ಕಡಿಮೆಯಾಗಬೇಕಾದದ್ದು ನಾಲ್ಕೇ ನಿಮಿಷ. ಆ ಮೂವರಿಂದ ಅದಕ್ಕಿಂತ ಎಷ್ಟೋ ಜಾಸ್ತಿ ಕಿತ್ತುಕೊಂಡದ್ದು ಅವನಲ್ಲ, ನಾನು.

ಮುಂದಿನ ವಾರ ಆ ಹಾಳೆಯನ್ನು ಎಲ್ಲ ಪೋಷಕರಿಗೂ ತೋರಿಸಿದೆ. ಪೆನ್ನಿನಲ್ಲಿ ಬರೆದಿದ್ದೆ, ಮಳೆಗೆ ಹೆಸರುಗಳು ಕಲಸಿಹೋದವು. ಅವತ್ತಿನಿಂದ ಪೆನ್ಸಿಲ್, ಮೇಲೆ ಪ್ಲಾಸ್ಟಿಕ್ ಹೊದಿಕೆ. ಬುಧವಾರದ ಅಭ್ಯಾಸದಲ್ಲಿ ಹೊಸ ಹುಡುಗನನ್ನೂ ಅಜ್ಜನ ಮೊಮ್ಮಗನನ್ನೂ ಜೋಡಿ ಮಾಡಿದೆ. ಒಬ್ಬ ಪಾಸ್ ಕೊಡುವುದು, ಇನ್ನೊಬ್ಬ ತೆಗೆದುಕೊಂಡು ತಿರುಗುವುದು. ನಾನು ಬೆನ್ನ ಹಿಂದೆ ನಿಂತು ಬೆರಳು ತೋರಿಸುತ್ತೇನೆ, ಚೆಂಡು ತಲುಪುವ ಮೊದಲು ಎಷ್ಟು ಬೆರಳು ಅಂತ ಕೂಗಿ ಹೇಳಬೇಕು. ಹೊಸಬ ಪೋರ್ಚುಗೀಸ್‌ನಲ್ಲೇ "ದೋಯ್ಸ್, ತ್ರೇಸ್" ಅಂತ ಎಣಿಸುತ್ತಿದ್ದ, ಇವನೂ ಹಾಗೇ ಎಣಿಸಲು ಶುರುಮಾಡಿದ.

ಅಕ್ಟೋಬರ್, ನವೆಂಬರ್‌ನಲ್ಲಿ ಸಾಕಷ್ಟು ಪಂದ್ಯ ಸೋತೆವು. ಇಬ್ಬರು ಪೋಷಕರಿಗೆ ಅದು ಇಷ್ಟವಾಗಲಿಲ್ಲ. ಈ ವಯಸ್ಸಿನ ಪಂದ್ಯಗಳ ಫಲಿತಾಂಶವನ್ನು ಪ್ರಕಟಿಸುವಂತಿಲ್ಲ, ಪಾಯಿಂಟ್ ಪಟ್ಟಿಯೂ ಇಲ್ಲ. ಆ ನಿಯಮ ಮಾಡಿದವರಿಗೆ ನಾನು ಕೈಮುಗಿಯುತ್ತೇನೆ.

ಫೆಬ್ರವರಿಯ ಒಂದು ಭಾನುವಾರ, ಮೈದಾನದ ಅರ್ಧ ಭಾಗ ಕೆಸರು. ಮೊಮ್ಮಗನ ಕಡೆ ಚೆಂಡು ಬರುತ್ತಿತ್ತು. ಅವನು ಎಡ ಹೆಗಲ ಮೇಲಿಂದ ಒಮ್ಮೆ, ಬಲ ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡಿದ. ಚೆಂಡನ್ನು ತಡೆಯಲೇ ಇಲ್ಲ, ಕಾಲ ಪಕ್ಕದಿಂದ ಹೋಗಲು ಬಿಟ್ಟು ಅದರ ಜೊತೆಗೇ ತಿರುಗಿ ಓಡಿದ. ಗೋಲ್ ಆಗಲಿಲ್ಲ. ಆದರೆ ಗೆರೆಯ ಆಚೆ ನಿಂತಿದ್ದ ಅಜ್ಜ ಎರಡೂ ಕೈ ತಲೆ ಮೇಲಿಟ್ಟುಕೊಂಡು "ನೋಡಿದ್ರಾ ಕೋಚ್, ನೋಡಿದ್ರಾ?" ಅಂದರು.

ಫ್ರಾನ್ಸಿನ ಆಟಗಾರ ಕ್ಯಾಂಟೊನಾ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದಾಗ ಅಭ್ಯಾಸ ಮುಗಿದ ಮೇಲೂ ಉಳಿದು ಆಡುತ್ತಿದ್ದನಂತೆ, ಅವನನ್ನು ನೋಡಿ ಅಲ್ಲಿನ ಹುಡುಗರೂ ಉಳಿಯಲು ಶುರುಮಾಡಿದರಂತೆ. ಆ ಮಾತನ್ನು ನಾನು ಈಗ ಪೂರ್ತಿ ನಂಬುತ್ತೇನೆ. ಆದರೆ ಬರೀ ನೋಡಿದರೆ ಸಾಲದು, ಆಡಲು ನಿಮಿಷ ಸಿಗಬೇಕು. 2017ರಲ್ಲಿ ಕೋಲ್ಕತ್ತಾದಲ್ಲಿ ಸ್ಪೇನನ್ನು 5-2ರಿಂದ ಸೋಲಿಸಿ 17ರೊಳಗಿನವರ ವಿಶ್ವಕಪ್ ಗೆದ್ದದ್ದು ಇದೇ ಇಂಗ್ಲೆಂಡಿನ ಹುಡುಗರು. ಅಂದರೆ ಕಲಿಸುವುದರಲ್ಲಿ ಕೊರತೆ ಇರಲಿಲ್ಲ, ಅಲ್ವಾ? ಅದೇ ವರ್ಷ ಇಂಗ್ಲೆಂಡಿನ ಹುಡುಗ ಸ್ಯಾಂಚೊ 17ನೇ ವಯಸ್ಸಿಗೆ ಆಡುವ ಅವಕಾಶ ಹುಡುಕಿಕೊಂಡು ಜರ್ಮನಿಯ ಡಾರ್ಟ್‌ಮಂಡ್‌ಗೆ ಹೋದ. ಅಲ್ಲಿ ಅವನೇ ವಿದೇಶಿ ಆಟಗಾರ.

ಈ ವರ್ಷ ನಮ್ಮದು ಒಂಬತ್ತು ಜನರ ಆಟ, 60 ನಿಮಿಷ. ಈಗ ಹನ್ನೆರಡು ಹುಡುಗರಿದ್ದಾರೆ, ತಲಾ 45 ನಿಮಿಷ. ಕಳೆದ ವಾರ ಉಕ್ರೇನಿನ ಒಬ್ಬ ತಾಯಿ ಫೋನ್ ಮಾಡಿ ಜಾಗ ಇದೆಯಾ ಅಂತ ಕೇಳಿದರು. ಹದಿಮೂರು ಜನ ಆದರೆ ನಲವತ್ತೊಂದೂವರೆ ನಿಮಿಷ. ಬುಧವಾರ ಆರು ಗಂಟೆಗೆ ಕರೆದುಕೊಂಡು ಬನ್ನಿ ಅಂತ ಹೇಳಿದ್ದೇನೆ.