ನೀತಿಯ ಕರಡಿನಲ್ಲಿ ಕರ್ತೃವನ್ನು ಹುಡುಕಿದ್ದು

ನಾನು ಓದಿದ್ದು ಸಾಂಕ್ರಾಮಿಕ ರೋಗಶಾಸ್ತ್ರ. ಯಾವ ಕ್ರಮದಿಂದ ಎಷ್ಟು ರೋಗ ತಗ್ಗಬಹುದು ಎಂದು ಅಂದಾಜು ಮಾಡುವುದು ನನ್ನ ಕೆಲಸವಾದ್ದರಿಂದ, ಪುರಾವೆ ಗಟ್ಟಿಯಾಗಿದ್ದರೆ ನೀತಿ ತಾನಾಗಿಯೇ ಅದರ ಹಿಂದೆ ಬರುತ್ತದೆ ಎಂದು ಬಹುಕಾಲ ನಂಬಿದ್ದೆ. ಸ್ಥೂಲಕಾಯದ ತಡೆಗೆಂದು ಸಿದ್ಧವಾಗುತ್ತಿದ್ದ ನೀತಿಯೊಂದರ ಕರಡನ್ನು ಪರಿಶೀಲಿಸಲು ಕುಳಿತಾಗ ಆ ನಂಬಿಕೆ ಸಡಿಲವಾಯಿತು. ಮೊದಲ ಅಧ್ಯಾಯದಲ್ಲಿ ಸಿಹಿ ಪಾನೀಯಗಳ ಬೆಲೆ, ಜಾಹೀರಾತು, ನಗರಗಳ ವಿನ್ಯಾಸ, ದುಡಿಮೆಯ ಅವಧಿ ಎಲ್ಲವೂ ಕಾರಣಗಳಾಗಿ ಬಂದಿದ್ದವು. ಕೊನೆಯ ಅಧ್ಯಾಯದ ಶಿಫಾರಸುಗಳಲ್ಲಿ ಉಳಿದದ್ದು ಕರಪತ್ರ, ಜಾಗೃತಿ ಶಿಬಿರ ಮತ್ತು ವ್ಯಾಯಾಮದ ಸಲಹೆ. ಕಾರಣ ಸಮಾಜದಲ್ಲಿದೆ ಎಂದು ಶುರುವಾದ ಮಾತು ಕೊನೆಗೆ ವ್ಯಕ್ತಿಯ ಜೀವನಶೈಲಿಗೆ ಜಾರಿ ನಿಲ್ಲುವುದು ಆರೋಗ್ಯ ನೀತಿಯ ಹಳೆಯ ರೋಗ. ಅದು ಏಕೆ ಮರುಕಳಿಸುತ್ತದೆ ಎಂಬುದಕ್ಕೆ ನನ್ನ ಶಾಸ್ತ್ರದಲ್ಲಿ ಉತ್ತರವಿರಲಿಲ್ಲ.

ಮೊದಲು ಕೈಗೆ ಬಂದದ್ದು ನೀತಿ ವಿಶ್ಲೇಷಣೆಯ ವಿದ್ವಾಂಸೆ ಕ್ಯಾರಲ್ ಬ್ಯಾಕಿ ಅವರ ವಿಧಾನ. ನೀತಿಯು ಸಮಸ್ಯೆಯನ್ನು ಹೇಗೆ ಬಗೆಹರಿಸುತ್ತದೆ ಎಂದು ಕೇಳುವ ಬದಲು, ಅದು ಯಾವುದನ್ನು ಸಮಸ್ಯೆ ಎಂದು ಬಿಂಬಿಸುತ್ತಿದೆ ಎಂದು ಕೇಳಬೇಕೆನ್ನುತ್ತಾರೆ ಅವರು. ಸೂಚಿಸಿದ ಪರಿಹಾರವನ್ನು ಹಿಡಿದು ಹಿಂದಕ್ಕೆ ನಡೆದರೆ ಅದು ಕಾಣಿಸುತ್ತದೆ. ಈ ಪ್ರಶ್ನೆಯನ್ನು ನಾನು ವ್ಯಾಕರಣಕ್ಕೆ ಇಳಿಸಿಕೊಂಡೆ. ಕೆಂಪು ಪೆನ್ಸಿಲ್ ಹಿಡಿದು ಪ್ರತಿ ಶಿಫಾರಸಿನ ಕರ್ತೃಪದಕ್ಕೆ ಗೆರೆ ಎಳೆಯುತ್ತಾ ಹೋದೆ. ‘ಪೋಷಕರು ಮಕ್ಕಳ ಆಹಾರದ ಮೇಲೆ ನಿಗಾ ಇಡತಕ್ಕದ್ದು’ ಎಂಬಲ್ಲಿ ಕರ್ತೃ ಎದ್ದು ಕಾಣುತ್ತಿದ್ದ. ‘ಉತ್ಪಾದಕರನ್ನು ಸಕ್ಕರೆಯ ಪ್ರಮಾಣ ತಗ್ಗಿಸುವಂತೆ ಪ್ರೋತ್ಸಾಹಿಸಲಾಗುವುದು’ ಎಂಬಲ್ಲಿ ಪೆನ್ಸಿಲ್ ನಿಲ್ಲಲು ಜಾಗವೇ ಇರಲಿಲ್ಲ. ಜನರಿಗೆ ‘ತಕ್ಕದ್ದು’, ಉದ್ಯಮಕ್ಕೆ ‘ಲಾಗುವುದು’: ಕರ್ಮಣಿ ಪ್ರಯೋಗದಷ್ಟು ಅನುಕೂಲವಾದ ಆಡಳಿತ ಸಾಧನ ಇನ್ನೊಂದಿಲ್ಲವೆಂದು ಅಂದು ಅನಿಸಿತು.

ಇಲ್ಲಿಂದ ಮುಂದೆ ನಾನು ಎಡವಿದೆ. ಅಧಿಕಾರವು ಬಹಿರಂಗ ಜಗಳದಲ್ಲಿ ಗೆಲ್ಲುವುದರಲ್ಲಷ್ಟೇ ಅಲ್ಲ, ಕೆಲವು ವಿಷಯಗಳು ಚರ್ಚೆಗೇ ಬಾರದಂತೆ ತಡೆಯುವುದರಲ್ಲಿಯೂ, ಜನರು ಬೇರೆ ಬಗೆಯಲ್ಲಿ ಬಯಸಲಾರದಂತೆ ಮಾಡುವುದರಲ್ಲಿಯೂ ಇದೆ ಎಂದು 1974ರಲ್ಲಿ ರಾಜಕೀಯ ಚಿಂತಕ ಸ್ಟೀವನ್ ಲ್ಯೂಕ್ಸ್ ವಾದಿಸಿದ್ದರು. ಅದನ್ನು ಓದಿದ ಹುರುಪಿನಲ್ಲಿ, ಕರಡಿನಲ್ಲಿ ಇಲ್ಲದ ಪ್ರತಿಯೊಂದನ್ನೂ ಉದ್ಯಮದ ಪ್ರಭಾವದ ಲೆಕ್ಕಕ್ಕೆ ಬರೆದು ಟಿಪ್ಪಣಿ ಸಿದ್ಧಪಡಿಸಿದೆ. ರಾಜ್ಯಶಾಸ್ತ್ರದ ಸಹೋದ್ಯೋಗಿಯೊಬ್ಬರು ಅದನ್ನು ಓದಿ, “ಏನು ಸಿಕ್ಕರೆ ನೀವು ಹೇಳಿದ್ದು ತಪ್ಪೆಂದು ಒಪ್ಪುತ್ತೀರಿ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಸಹೋದ್ಯೋಗಿಯೇ, ರಾಜ್ಯಶಾಸ್ತ್ರಜ್ಞ ಮ್ಯಾಥ್ಯೂ ಕ್ರೆನ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ತೋರಿಸಿದರು. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಉಕ್ಕಿನ ನಗರಗಳ ಪೈಕಿ ಈಸ್ಟ್ ಷಿಕಾಗೋ 1949ರಲ್ಲೇ ವಾಯುಮಾಲಿನ್ಯದ ವಿರುದ್ಧ ಕಾನೂನು ಮಾಡಿತ್ತು; ಒಂದೇ ದೊಡ್ಡ ಕಂಪನಿಯ ನೆರಳಿನಲ್ಲಿದ್ದ ಗ್ಯಾರಿ 1962ರವರೆಗೆ ಸುಮ್ಮನಿತ್ತು. ಮೌನವನ್ನು ಪುರಾವೆಯಾಗಿಸಲು ಅದರ ಪಕ್ಕದಲ್ಲಿ ಮಾತನ್ನಾಡಿದ ಇನ್ನೊಂದು ಪ್ರಕರಣ ಇರಬೇಕೆಂಬುದು ನನಗೆ ಮನವರಿಕೆಯಾದದ್ದು ಆಗ. ನಾನು ಹಿಂದಿನ ಮೂರು ಕರಡುಗಳನ್ನೂ ಸಭೆಯ ನಡಾವಳಿಗಳನ್ನೂ ತರಿಸಿಕೊಂಡು ಸಾಲುಸಾಲಾಗಿ ಹೋಲಿಸಿದೆ. ಮಕ್ಕಳಿಗೆ ಗುರಿಯಿಟ್ಟ ಜಾಹೀರಾತುಗಳ ನಿರ್ಬಂಧ ಎರಡನೆಯ ಕರಡಿನಲ್ಲಿತ್ತು, ಮೂರನೆಯದರಲ್ಲಿ ಇರಲಿಲ್ಲ. ಅದನ್ನು ತೆಗೆಸಿದ್ದು ಉದ್ಯಮವಲ್ಲ. ಆ ವಿಷಯದಲ್ಲಿ ನಿಯಮ ರೂಪಿಸುವ ಅಧಿಕಾರ ಆರೋಗ್ಯ ಇಲಾಖೆಗೆ ಇಲ್ಲವೆಂದು ಕಾನೂನು ಶಾಖೆ ಬರೆದ ಎರಡು ಸಾಲು. ನನ್ನ ಟಿಪ್ಪಣಿಯ ಅರ್ಧ ಭಾಗ ಅಲ್ಲಿಗೆ ಬಿದ್ದುಹೋಯಿತು. ಆದರೆ ಹಾಗಾದರೆ ಆ ಅಧಿಕಾರವನ್ನು ಕೇಳೋಣ ಎಂದು ಯಾರೂ ಹೇಳಿದ್ದು ನಡಾವಳಿಯಲ್ಲಿ ದಾಖಲಾಗಿರಲಿಲ್ಲ. ಚರ್ಚೆಗೇ ಬಾರದ ಆ ಪ್ರಶ್ನೆಯೊಂದಿಗೆ ಲ್ಯೂಕ್ಸ್ ಮತ್ತೆ ಒಳಗೆ ಬಂದರು, ಈ ಬಾರಿ ಸಣ್ಣ ಬಾಗಿಲಿನಿಂದ.

ಅನುಷ್ಠಾನದ ಭಾಗಕ್ಕೆ ನಾನು ಕಡತ ಬಿಟ್ಟು ಚಿಕಿತ್ಸಾಲಯಕ್ಕೆ ಹೋಗಿ ಕುಳಿತೆ. ಆರೋಗ್ಯ ಕಾರ್ಯಕರ್ತೆ ನಮೂನೆಯಲ್ಲಿನ ‘ವ್ಯಾಯಾಮದ ಸಲಹೆ ನೀಡಲಾಗಿದೆ’ ಎಂಬ ಚೌಕಕ್ಕೆ ರೋಗಿ ಕೂರುವ ಮೊದಲೇ ಗುರುತು ಹಾಕುತ್ತಿದ್ದರು. ಕೇಳಿದ್ದಕ್ಕೆ, “ಸರ್, ಎರಡು ಪಾಳಿ ದುಡಿಯುವವರಿಗೆ ನಡೆಯಿರಿ ಎನ್ನಲು ನನಗೆ ಬಾಯಿ ಬರುವುದಿಲ್ಲ, ಗುರುತು ಹಾಕದಿದ್ದರೆ ಮೇಲಿನವರು ಬಿಡುವುದಿಲ್ಲ” ಎಂದರು. ಕೆಳಹಂತದ ನೌಕರರು ಒತ್ತಡದ ನಡುವೆ ಕಂಡುಕೊಳ್ಳುವ ಇಂಥ ಉಪಾಯಗಳೇ ಜನರ ಪಾಲಿಗೆ ನಿಜವಾದ ನೀತಿಯಾಗುತ್ತವೆ ಎಂದು ರಾಜ್ಯಶಾಸ್ತ್ರಜ್ಞ ಮೈಕೆಲ್ ಲಿಪ್ಸ್ಕಿ 1980ರಲ್ಲಿ ಬರೆದಿದ್ದರು. ಅವರನ್ನು ಓದಿರದಿದ್ದರೆ ನಾನು ಇದನ್ನು ನಿರ್ಲಕ್ಷ್ಯವೆಂದು ವರದಿ ಮಾಡುತ್ತಿದ್ದೆ, ಮರುತರಬೇತಿಯನ್ನು ಶಿಫಾರಸು ಮಾಡುತ್ತಿದ್ದೆ.

ಕೊನೆಗೆ ಸಲ್ಲಿಸಿದ ಟಿಪ್ಪಣಿಯಲ್ಲಿ ಸಿದ್ಧಾಂತಕಾರರ ಹೆಸರು ಒಂದೂ ಇರಲಿಲ್ಲ. ಎಡಕ್ಕೆ ಕರಡಿನ ವಾಕ್ಯ, ಬಲಕ್ಕೆ ‘ಯಾರು?’ ಎಂಬ ಒಂದೇ ಪದ. “ಇದೇನು, ವ್ಯಾಕರಣ ತಿದ್ದಿದ್ದೀರಾ?” ಎಂದು ಅಧ್ಯಕ್ಷರು ನಕ್ಕರು. ಐದು ವಾಕ್ಯಗಳಿಗೆ ಕರ್ತೃ ಸಿಕ್ಕಿತು. ಜಾಹೀರಾತಿನದ್ದು ಈಗಲೂ ‘ಪರಿಶೀಲಿಸಲಾಗುವುದು’ ಎಂದೇ ಇದೆ.