ಒದ್ದೆ ಟವೆಲ್ ಒಣಗುವ ತನಕ

ಸುಮಾರು 8 ತಿಂಗಳು ನಾನು ಒಂದೇ ಕಥೆಯ ಮೊದಲ ಪುಟವನ್ನೇ ಬರೆಯುತ್ತಿದ್ದೆ. ಗದಗಿನಲ್ಲಿ ಮಾಸ್ತರಿಕೆ, ಬೆಳಗ್ಗೆ ಎದ್ದು ಬರೆಯೋದು ಹಳೇ ರೂಢಿ. ಕಥೆ ಪಕ್ಕದ ಬೆಟಗೇರಿಯ ಒಬ್ಬ ನೇಕಾರ ಹೆಂಗಸಿನದು. ಒಂದು ವಾಕ್ಯ ಬರೆಯೋದು, ಓದೋದು, ಛೇ ಅಂತ ಹೊಡೆದು ಹಾಕೋದು. ನೋಟ್‌ಬುಕ್ ತೆಗೆದು ಎಣಿಸಿದರೆ 14 ಆರಂಭಗಳು! ದೀಪಾವಳಿ ವಿಶೇಷಾಂಕಕ್ಕೆ ಕಳಿಸುವ ಕಡೇ ದಿನ ಬಂತು, ಹೋಯ್ತು. "ಏನ್ರಿ ಸರ್, ಈ ಸಲ ಕಥಿ ಇಲ್ಲೇನು?" ಅಂತ ಸ್ಟಾಫ್ ರೂಮಿನಲ್ಲಿ ಕೇಳಿದರೆ ಪೇಪರ್ ತಿದ್ದುವ ನೆಪ ಹೇಳುತ್ತಿದ್ದೆ.

ಇದಕ್ಕೆ ರೈಟರ್ಸ್ ಬ್ಲಾಕ್ ಅನ್ನೋ ಹೆಸರು ಕೊಟ್ಟವರು ಎಡ್ಮಂಡ್ ಬರ್ಗ್ಲರ್ ಅನ್ನುವ ಮನೋವಿಶ್ಲೇಷಕ, 1940ರ ದಶಕದಲ್ಲಿ. ಅವರು ಇದರ ಬೇರನ್ನು ಹುಡುಕುತ್ತಾ ತಾಯಿಯ ಎದೆಹಾಲಿನ ತನಕ ಹೋಗಿದ್ದರು. ನಮ್ಮ ಅವ್ವನ ಮೇಲೆ ಇದನ್ನೂ ಹೊರಿಸೋಕೆ ನನಗೆ ಮನಸ್ಸು ಬರಲಿಲ್ಲ.

ಒಂದು ಭಾನುವಾರ ಊರಿನಿಂದ ಬಂದ ನೆಂಟರನ್ನು ವೀರನಾರಾಯಣ ಗುಡಿಗೆ ಕರೆದುಕೊಂಡು ಹೋಗಿದ್ದೆ. ಕುಮಾರವ್ಯಾಸ ಕೂತು ಭಾರತ ಬರೆದ ಅಂತ ಹೇಳುವ ಕಂಬ ಅಲ್ಲಿದೆ. ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ಕೂರುತ್ತಿದ್ದನಂತೆ, ಬಟ್ಟೆ ಒಣಗುವ ತನಕ ಪದಗಳು ಬರುತ್ತಿದ್ದವಂತೆ. ಗದಗಿನವರಿಗೆ ಇದು ಹುಟ್ಟಿದಾಗಿನಿಂದ ಕೇಳಿದ ಕಥೆ. ನೆಂಟರಿಗೆ ಹೇಳುವಾಗ ಮಾತ್ರ ನನಗೇ ಹೊಸದಾಗಿ ಹೊಳೆಯಿತು. ಇಷ್ಟೇ ಹೊತ್ತು ಅಂತ ಒಂದು ಗಡುವು ಇತ್ತಲ್ವಾ ಅವನಿಗೆ! ಇಟ್ಟ ಪದ ಅಳಿಸೋದಿಲ್ಲ ಅಂತ ಅವನೇ ಜಂಬ ಕೊಚ್ಚಿಕೊಂಡಿದ್ದಾನೆ. ನಾನೋ, ಇಡುವ ಮೊದಲೇ ಅಳಿಸುವವ.

ಮರುದಿನ ಬೆಳಗ್ಗೆ ಐದೂವರೆಗೆ ಒಂದು ತೆಳ್ಳನೆ ಟವೆಲ್ ನೆನೆಸಿ, ಹಿಂಡಿ, ಕಿಟಕಿ ಪಕ್ಕದ ದಾರಕ್ಕೆ ಹಾಕಿದೆ. ಅದು ಒಣಗುವ ತನಕ ಬರೆಯಬೇಕು, ಹಿಂದಿನ ಸಾಲು ಓದಬಾರದು, ಏನೂ ಹೊಡೆಯಬಾರದು. ಅವತ್ತಿನ ಪುಟ ಇನ್ನೂ ಇದೆ: "ಬರೆಯೋಕೆ ಏನೂ ಇಲ್ಲ. ಟವೆಲ್‌ನಿಂದ ನೀರು ತೊಟ್ಟಿಕ್ಕುತ್ತಿದೆ. ಕೆಳಗೆ ಪೇಪರ್ ಹಾಕಬೇಕಿತ್ತು. ಹಾಲಿನವನು ಬಂದ. ಅವಳು ಹಾಲಿನವನಿಗೆ ನಾಳೆ ಕೊಡ್ತೀನಿ ಅಂತ ಮೂರನೇ ದಿನ ಹೇಳುತ್ತಿದ್ದಾಳೆ." ಕೊನೆಯ ಸಾಲಿನ 'ಅವಳು' ನನ್ನ ಕಥೆಯವಳು. ಅವಳ ಬಾಗಿಲಿಗೆ ಹಾಲಿನವನು ಬಂದು ನಿಲ್ಲುತ್ತಾನೆ ಅಂತ 14 ಆರಂಭಗಳಲ್ಲಿ ಒಂದರಲ್ಲೂ ಇರಲಿಲ್ಲ.

ಏಪ್ರಿಲ್ ಸೆಕೆಗೆ ಟವೆಲ್ ಬೇಗನೇ ಒಣಗುತ್ತಿತ್ತು. ಒಣಗಿದ ಕೂಡಲೇ ವಾಕ್ಯ ಅರ್ಧವಾಗಿದ್ದರೂ ಪೆನ್ನು ಕೆಳಗೆ. ಇದು ಬಹಳ ಉಪಯೋಗಕ್ಕೆ ಬಂತು. ಅರ್ಧ ವಾಕ್ಯ ದಿನವಿಡೀ ತಲೆಯಲ್ಲಿ ಕೂತಿರುತ್ತದೆ, ಮರುದಿನ ಖಾಲಿ ಹಾಳೆಯ ಭಯ ಇರೋದಿಲ್ಲ. ಜೂನ್‌ನಲ್ಲಿ ಮಳೆ ಹಿಡಿಯಿತು ನೋಡಿ, ಶಾಲೆಯ ಹೊತ್ತಾದರೂ ಟವೆಲ್ ಹಸಿ ಹಸಿ. "ಇವತ್ತು ಪೂರಾ ಭಾರತನ ಬರೀರಿ" ಅಂದಳು ಹೆಂಡತಿ. ಆಮೇಲೆ ಮೊಬೈಲ್‌ನಲ್ಲಿ 25 ನಿಮಿಷದ ಅಲಾರಂ ಇಟ್ಟುಕೊಂಡೆ. ಸುಮ್ನೆ ಟವೆಲ್ ಅನ್ನೇ ನಂಬಿಕೊಂಡಿದ್ದರೆ ಕೆಲಸ ಹೋಗುತ್ತಿತ್ತು.

ಇಷ್ಟಾದರೂ ಒಂದು ಕಡೆ ಗಾಡಿ ಮತ್ತೆ ನಿಂತಿತು. ಗಂಡ ಮನೆ ಬಿಟ್ಟು ಹೋದ ರಾತ್ರಿ ಅವಳು ಅಳುತ್ತಾ ಬೆಳಗಿನ ತನಕ ಮಗ್ಗ ನೇಯುತ್ತಾಳೆ. ಈ ಜಾಗಕ್ಕೆ ಬಂದಾಗೆಲ್ಲ ಕೈ ಜಡ. 10 ದಿನ ಅಲಾರಂ ಇಟ್ಟೆ, 10 ದಿನವೂ ಬರೀ ಕಸ. ಕೊನೆಗೆ ಬೆಟಗೇರಿಯಲ್ಲಿ ಪರಿಚಯದ ಒಬ್ಬ ಅಜ್ಜಿಯ ಮನೆಗೆ ಹೋಗಿ ಕೂತೆ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ ಅವರದು. ಅಡ್ಡ ನೂಲು ಒಯ್ಯುವ ಲಾಳಿ ಅತ್ತಿಂದಿತ್ತ ಓಡುತ್ತಿತ್ತು. ಇದ್ದಕ್ಕಿದ್ದಂತೆ ನಿಲ್ಲಿಸಿ, ಬಗ್ಗಿ, ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ನೂಲಿನ, ಸಾವಿರಾರು ಎಳೆಗಳ ನಡುವೆ ಹರಿದ ಒಂದನ್ನು ಹುಡುಕಿ, ಬೆರಳ ತುದಿಯಲ್ಲೇ ಹೊಸೆದು ಗಂಟು ಹಾಕಿದರು. ನನಗೆ ಎಳೆ ಹರಿದದ್ದೇ ಗೊತ್ತಾಗಿರಲಿಲ್ಲ.

ನನ್ನ ಕಥೆಯ ಆ ರಾತ್ರಿಯ ಸಂಗತಿ ಹೇಳಿದೆ. ಅಜ್ಜಿ ನಕ್ಕರು. "ಕಣ್ಣಾಗ ನೀರ ತುಂಬಿದ್ರ ಎಳಿ ಹ್ಯಾಂಗ ಕಾಣಸ್ತಾವರಿ ಸರ? ಅಕಿ ಬಟ್ಟಿ ಕೆಡಸ್ತಾಳ."

"ಮತ್ತ ಏನ ಮಾಡ್ತಾಳ್ರಿ ಅಜ್ಜಿ?"

"ಕಂಡಿಕಿ ಸುತ್ತತಾಳ. ಅದಕ್ಕ ಕಣ್ಣ ಬೇಕಾಗೂದಿಲ್ಲ."

ಕಂಡಿಕೆ ಅಂದರೆ ಲಾಳಿಯೊಳಗೆ ಕೂರುವ ನೂಲಿನ ಸುರುಳಿ. ನಾನು ಬ್ಲಾಕ್ ಅಂದುಕೊಂಡಿದ್ದು ಅಲ್ಲಿ ಬ್ಲಾಕೇ ಆಗಿರಲಿಲ್ಲ. ನನಗೆ ವಿಷಯ ಗೊತ್ತಿರಲಿಲ್ಲ, ಅಷ್ಟೇ. ಏನೋ ತಪ್ಪಿದೆ ಅಂತ ಕೈಗೆ ತಿಳಿದಿತ್ತು, ತಲೆ ಒಪ್ಪಿರಲಿಲ್ಲ. ಈಗ ಬರವಣಿಗೆ ನಿಂತರೆ ಮೊದಲು ಇದನ್ನೇ ಕೇಳಿಕೊಳ್ಳುತ್ತೇನೆ: ಹೆದರಿಕೆಯೋ, ಗೊತ್ತಿಲ್ಲವೋ? ಹೆದರಿಕೆಗೆ ಅಲಾರಂ ಸಾಕು. ಗೊತ್ತಿಲ್ಲದ್ದಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಬೇಕು. ಪರೀಕ್ಷೆ ಪೇಪರ್ ತಿದ್ದುವ ತಿಂಗಳು ಎರಡೂ ಅಲ್ಲ, ಬರೀ ದಣಿವು. ಆಗ ನಾನು ಬರೆಯೋಕೆ ಹೋಗೋದೇ ಇಲ್ಲ, ಮಲಗುತ್ತೇನೆ.

ಕಂಡಿಕೆ ಸುತ್ತುವ ರಾತ್ರಿಯನ್ನು ಎರಡು ದಿನದ ಬೆಳಗ್ಗೆಯಲ್ಲಿ ಬರೆದು ಮುಗಿಸಿದೆ. ಕಥೆ ಪೂರಾ 11 ಪುಟ. ತೆಗೆದುಕೊಂಡು ಹೋಗಿ ಅಜ್ಜಿಗೆ ಓದಿದೆ. ಮಗ್ಗದ ಮುಂದೆ ಕೂತೇ ಕೇಳಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಛಲೋ ಐತ್ರಿ. ಆದ್ರ ಆ ಹಾಲಿನಾವಂಗ ರೊಕ್ಕ ಕೊಟ್ಲೋ ಇಲ್ಲೋ?" ಅಂದರು.

ಅದನ್ನು ನಾನು ಮರೆತೇಬಿಟ್ಟಿದ್ದೆ.